ಹಿತ್ತಲ ಮೂಲೆಯ ಗಸಗಸೆ

ನವೆಂಬರ್ 6

ದಿನಕ್ಕೊಂದು ಪುಟ ಬರೆಯಬೇಕಂತೆ. ಡಾಕ್ಟರ ಅಪ್ಪಣೆ. "ಏನು ಬರೀಲಿ?" ಎಂದು ಕೇಳಿದೆ. "ಏನಾದ್ರೂ ಬರೀರಿ, ಅಕ್ಷರ ಮಾತ್ರ ದಪ್ಪ ಇರ್ಲಿ. ಈ ನಡುಕದ ಕಾಯಿಲೇಲಿ ಅಕ್ಷರ ಬರ್ತಾ ಬರ್ತಾ ಇರುವೆ ಥರ ಆಗ್ಬಿಡುತ್ತೆ" ಎಂದರು. ಅರವತ್ತೊಂದನೆಯ ವಯಸ್ಸಿನಲ್ಲಿ ಕಾಪಿ ಬರೆಯುವ ಶಿಕ್ಷೆ ನನಗೆ. ಅಂಗಡಿಯ ಹಳೆಯ ಆರ್ಡರ್ ಪುಸ್ತಕವೊಂದು ಅರ್ಧ ಖಾಲಿ ಉಳಿದಿತ್ತು, ಅದರಲ್ಲೇ ಶುರು ಮಾಡಿದ್ದೇನೆ. ಎಡಗಡೆ ಎದೆ, ಸೊಂಟ, ತೋಳು ಎಂದು ಅಚ್ಚಾಗಿದೆ. ಇರಲಿ, ಯಾರು ಓದುತ್ತಾರೆ?

ನಡುಕ ಬಲಗೈಯಲ್ಲಿ. ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು. "ಕತ್ತರಿ ಕೆಲಸ ಬಿಟ್ಬಿಡಿ" ಎಂದೂ ಹೇಳಿದರು. ಹೇಳುವುದಕ್ಕೇನು, ಬಾಯಿಗೆ ಸುಂಕವೇ? ಕಟಿಂಗ್ ಟೇಬಲ್ಲಿನ ಮುಂದೆ ನಿಂತು ನಲವತ್ತಮೂರು ವರ್ಷವಾಯಿತು. ಅದನ್ನು ಬಿಟ್ಟು ನಾನು ಯಾರು ಎಂಬುದಕ್ಕೂ ಒಂದು ಚೀಟಿ ಬರೆದುಕೊಡಬೇಕಿತ್ತು ಅವರು.

ಮನೆಗೆ ಬಂದು ತಂಗಿಗೆ ಗ್ಯಾಸ್ ಎಂದೆ. ಅವಳಿಗೆ ಬೇರೆ ಹೆಸರಿದೆ, ಆದರೆ ಚಿಕ್ಕಂದಿನಿಂದ ನಾನು ಕರೆಯುವುದು ಸೂಜಿ ಎಂದೇ. ಮಾತು ಹಾಗೆ ಚುಚ್ಚುತ್ತದೆ. "ಗ್ಯಾಸಿಗೆ ನಿನ್ನ ಎರಡು ಗಂಟೆ ಕಾಯಿಸಿದ್ರಾ?" ಎಂದಳು. ನಮ್ಮಿಬ್ಬರಿಗೂ ಮದುವೆಯಾಗಲಿಲ್ಲ. ಮುಂದುಗಡೆ ಅಂಗಡಿ, ಹಿಂದೆ ಎರಡು ಕೋಣೆ, ಅದರಾಚೆ ಹಿತ್ತಲು. ಮುಂದೆ ನಿಂತು ನಾನು ಕತ್ತರಿಸುತ್ತೇನೆ, ಪರದೆಯ ಹಿಂದೆ ಕೂತು ಅವಳು ಹೊಲಿಯುತ್ತಾಳೆ. ಅಪ್ಪ ಹಾಕಿಕೊಟ್ಟ ಏರ್ಪಾಡು. ಇವತ್ತಿಗೆ ಇಷ್ಟು ಸಾಕು, ಕೈ ನೋಯುತ್ತಿದೆ.

ನವೆಂಬರ್ 9

ಗಡಿಯಾರದಮ್ಮ ಬಂದಿದ್ದರು. ಅವರ ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದವರು, ತೀರಿಹೋಗಿ ಎಂಟು ತಿಂಗಳಾಯಿತು. ಅವರ ಕೋಟು ತಂದಿದ್ದರು. ಬೂದು ಬಣ್ಣದ ಉಣ್ಣೆ ಬಟ್ಟೆ, ಅದರಲ್ಲಿ ಕೂದಲೆಳೆಯಷ್ಟು ತೆಳ್ಳಗೆ ನೀಲಿ ಗೆರೆ. ಎರಡು ವರ್ಷದ ಹಿಂದೆ ನಾನೇ ಕತ್ತರಿಸಿದ್ದು.

"ಇದನ್ನ ನನ್ನ ಅಳತೆಗೆ ಇಳಿಸಿಕೊಡಿ ಮಾಸ್ಟ್ರೇ. ಮಾರ್ಚಲ್ಲಿ ಅಕ್ಕನ ಮನೆಗೆ ಹೋಗ್ಬಿಡ್ತೀನಿ, ಇನ್ಮೇಲೆ ಅಲ್ಲೇ ಇರೋದು. ಅಲ್ಲಿ ಚಳಿ ಜಾಸ್ತಿ."

"ಹೊಸದೇ ಹೊಲಿಸ್ಕೊಳ್ಳಿ ಅಮ್ಮಾ. ಇದನ್ನ ಒಂದ್ಸಲ ಬಿಚ್ಚಿ ಕತ್ತರಿ ಹಾಕಿದ್ರೆ ಮುಗೀತು. ಹೆಚ್ಚುಕಮ್ಮಿ ಆದ್ರೆ ಮತ್ತೆ ಈ ಕೋಟು ಸಿಗಲ್ಲ."

"ಗೊತ್ತು. ಅದಕ್ಕೇ ನಿಮ್ಮ ಹತ್ರ ತಂದಿದ್ದು. ನೀವೇ ಕತ್ತರಿಸ್ಬೇಕು, ಬೇರೆಯವರ ಕೈಗೆ ಕೊಡಲ್ಲ ನಾನು."

ಒಪ್ಪಿಕೊಂಡೆ.

ಅವರು ಹೋದ ಮೇಲೆ ಜೇಬು ತಡಕಿದೆ, ಅದು ನಮ್ಮ ಕಸುಬಿನ ರೂಢಿ. ಒಳಜೇಬಿನಲ್ಲಿ ಮಡಿಸಿದ ಕಾಗದದ ಪೊಟ್ಟಣ, ಮೇಲೆ ಗಡಿಯಾರದವರ ಅಕ್ಷರ: "ಕೆಂಪು ಗಸಗಸೆ ಹೂ. ಮಣ್ಣು ಮುಚ್ಚಬಾರದು." ಬಿಚ್ಚಿದರೆ ಕಪ್ಪು ಧೂಳಿನಂಥ ಬೀಜ. ರಸ್ತೆಯ ತಿರುವಿನವರೆಗೂ ಓಡಿ ಹೋಗಿ ಕೊಟ್ಟೆ. ಅವರು ಅದನ್ನು ಬಹಳ ಹೊತ್ತು ನೋಡಿ ನನಗೇ ವಾಪಸು ಕೊಟ್ಟರು. "ನನ್ನದು ಮೂರನೇ ಮಹಡಿ ಮನೆ ಈಗ. ಹಳೇ ಮನೇಲಿ ಪ್ರತಿ ವರ್ಷ ಹಾಕ್ತಿದ್ರು. ನಿಮಗೆ ಹಿತ್ತಲಿದ್ಯಲ್ಲ, ನೀವೇ ಹಾಕಿ. ಹೂ ಬಿಟ್ರೆ ಊರು ಬಿಡೋ ಮುಂಚೆ ಒಂದ್ಸಲ ನೋಡ್ಕೊಂಡು ಹೋಗ್ತೀನಿ" ಎಂದರು.

ಕೋಟನ್ನು ಅಂಗಡಿಯ ಗೊಂಬೆಗೆ ತೊಡಿಸಿ ದೂರ ನಿಂತು ನೋಡಿದೆ. ಭುಜ ಕೂತ ರೀತಿ, ಬೆನ್ನಿನ ಇಳಿಕೆ, ಎಲ್ಲೂ ಒಂದು ಸುಕ್ಕಿಲ್ಲ. ಇಂಥದ್ದನ್ನು ಕತ್ತರಿಸಿದ್ದೆನೇ ನಾನು ಎಂದು ನನಗೇ ಆಶ್ಚರ್ಯ. ನನ್ನ ಜೀವಮಾನದ ಕೆಲಸವೆಂದರೆ ಇದೇ.

ನವೆಂಬರ್ 13

ರಸ್ತೆಯ ಕೊನೆಯಲ್ಲಿ ಗಿಡ ಮಾರುವ ಸಸಿಯವಳನ್ನು ಕೇಳಿಕೊಂಡು ಬಂದೆ. "ಪಾಪಿ ಹೂವಾ? ಮಣ್ಣು ಸಡಿಲ ಮಾಡಿ, ಮೇಲೆ ಉದುರಿಸಿಬಿಡಿ, ಸಾಕು. ಬೆಳಕು ಕಂಡ್ರೇನೇ ಮೊಳೆಯೋದು ಅದು. ಬೀಜಕ್ಕೆ ಮರಳು ಬೆರೆಸ್ಕೊಳ್ಳಿ, ಇಲ್ಲಾಂದ್ರೆ ಎಲ್ಲಾ ಒಂದೇ ಕಡೆ ಬೀಳುತ್ತೆ" ಎಂದಳು. ಮನೆಗೆ ಬಂದು ಹೇಳಿದರೆ ಸೂಜಿ, "ಹೂವಿಗೆ ಪಾಪಿ ಅಂತ ಹೆಸರಿಟ್ಟವನು ಇನ್ನೆಂಥ ಪಾಪಿಯೋ" ಎಂದಳು.

ಹಿತ್ತಲಲ್ಲಿ ಹತ್ತಡಿ ಉದ್ದ, ನಾಲ್ಕಡಿ ಅಗಲದ ಮಡಿ. ಟೇಪು ಹಿಡಿದು ಅಳೆದೆ, ನಾಲ್ಕು ಮೂಲೆಗೂ ಕಡ್ಡಿ ನೆಟ್ಟು ದಾರ ಕಟ್ಟಿದೆ, ಸೀಮೆಸುಣ್ಣದ ಪುಡಿಯಲ್ಲಿ ಗೆರೆ ಹಾಕಿದೆ. "ಗಿಡ ಹಾಕ್ತೀಯೋ, ಪ್ಯಾಂಟ್ ಹೊಲೀತೀಯೋ?" ಎಂದು ಬಾಗಿಲಲ್ಲಿ ನಿಂತು ನಕ್ಕವಳು, ನಾನು ಗೋಡೆಯ ಕಡೆಯ ಮೂಲೆಗೆ ಬಂದಾಗ ನಗು ನಿಲ್ಲಿಸಿದಳು.

"ಆ ಮೂಲೆ ಬೇಡ ಅಣ್ಣ. ಅಲ್ಲಿ ಬರೀ ಕಲ್ಲು."

"ನಾಲ್ಕು ಬೆರಳು ಕೆದಕಿದ್ರೆ ಸಾಕಂತೆ. ಕಲ್ಲಿದ್ರೆ ಇರ್ಲಿ."

"ಹೇಳಿದ ಮಾತು ಯಾವತ್ತು ಕೇಳಿದ್ದೀಯ ನೀನು?" ಎಂದು ಒಳಗೆ ಹೋಗಿಬಿಟ್ಟಳು. ಮೂಲೆ ಬಿಟ್ಟರೆ ಗಿಡದ ಮಡಿ ಒಂದು ತೋಳು ಮರೆತ ಅಂಗಿಯಂತೆ ಕಾಣುತ್ತಿತ್ತು. ಬಿಡಲಿಲ್ಲ.

ಬೀಜ ಚೆಲ್ಲುವಾಗ ಒಂದು ಸಂಗತಿ ನಡೆಯಿತು. ಮರಳು ಬೆರೆಸಿದ ಬೀಜ ಅಂಗೈಯಲ್ಲಿ ಹಿಡಿದು ಮಡಿಯ ಮೇಲೆ ಚಾಚಿದೆ, ಕೈ ತಾನಾಗಿ ನಡುಗಿತು, ಬೀಜ ಎಲ್ಲ ಕಡೆಗೂ ಒಂದೇ ಸಮನೆ ಉದುರಿತು. ಈ ಕೈಗೂ ಒಂದು ಕೆಲಸ ಸಿಕ್ಕಿತಲ್ಲ ಎಂದು ನಕ್ಕೆ. ಆಮೇಲೆ ನಗು ಬರಲಿಲ್ಲ.

ನವೆಂಬರ್ 15

ಸಮಾಧಾನದ ದಿನ. ನಿನ್ನೆ ಮೂರು ಅಂಗಿ ಕತ್ತರಿಸಿದ್ದೆ. ಮೂರನೆಯದರ ಕಾಲರ್ ಕೊಂಚ ಓರೆಯಾಯಿತೇನೋ ಎಂಬ ಅಳುಕಿನಲ್ಲೇ ತುಂಡುಗಳನ್ನು ಕಟ್ಟಿಟ್ಟು ಎಂದಿನಂತೆ ಸಂಜೆಯ ವಾಕಿಂಗಿಗೆ ಹೋದೆ. ಇವತ್ತು ಹೊಲಿದು ಮುಗಿದ ಅಂಗಿ ನೋಡಿದರೆ ಕಾಲರ್ ನೆಟ್ಟಗೆ ಕೂತಿದೆ. ಸಂಜೆಯ ಬೆಳಕು ಮೋಸ ಮಾಡುತ್ತದೆ. ಡಾಕ್ಟರು ಏನೇ ಹೇಳಲಿ, ಕತ್ತರಿ ಹಿಡಿದರೆ ಈ ಕೈ ತನ್ನ ಕೆಲಸ ಮರೆಯುವುದಿಲ್ಲ.

ನವೆಂಬರ್ 24

ಮೊಳೆತಿವೆ! ಬೆಳಿಗ್ಗೆ ಮಡಿಯ ಮೇಲೆ ಹಸಿರು ಕಂಡಿತು. ಮೊದಲು ಪಾಚಿ ಅಂದುಕೊಂಡೆ, ಕನ್ನಡಕ ಹಾಕಿಕೊಂಡು ಮಂಡಿಯೂರಿ ನೋಡಿದರೆ ಒಂದೊಂದಕ್ಕೂ ಎರಡೆರಡು ಎಲೆ, ದಾರದ ತುದಿಯಷ್ಟು. ಸೂಜಿಯನ್ನು ಕೂಗಿ ಕರೆದೆ. ಬಂದು ನೋಡಿ, "ಇಷ್ಟಕ್ಕೆ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ಯಾ?" ಎಂದಳು. ಆದರೂ ಐದು ನಿಮಿಷ ಅಲ್ಲೇ ಕೂತಿದ್ದಳು.

ಡಿಸೆಂಬರ್ 8

ಗಿಡ ಒತ್ತೊತ್ತಾಗಿವೆ. "ಒಂದೊಂದಕ್ಕೂ ಒಂದು ಗೇಣು ಜಾಗ ಬೇಕು. ಮಿಕ್ಕಿದ್ದೆಲ್ಲ ಕಿತ್ತಾಕಿ, ಕರುಣೆ ತೋರಿಸ್ಬೇಡಿ" ಎಂದು ಸಸಿಯವಳು ಹೇಳಿದ್ದಳು. ನನ್ನ ಬೆರಳಿಗೆ ಒಂದು ಹಿಡಿದರೆ ಐದು ಬರುತ್ತಿದ್ದವು. ಸೂಜಿ ಪಕ್ಕದಲ್ಲಿ ಕೂತು ಒಂದೊಂದಾಗಿ ಕಿತ್ತಳು. ನಾನು ಬುಟ್ಟಿ ಹಿಡಿದೆ.

ಕಿತ್ತದ್ದನ್ನು ಎಸೆಯಲು ಮನಸ್ಸು ಬರಲಿಲ್ಲ. ಅಂಗೈಯಗಲದ ತುಂಡನ್ನೂ ಎಸೆದವನಲ್ಲ ನಾನು. ಜೇಬಿನ ಒಳಪದರಕ್ಕಾದರೂ ಆಗುತ್ತದೆ. ಮಡಿಯ ನಡುವೆ ಎರಡು ಮೂರು ಕಡೆ ಬೋಳು ಜಾಗವಿತ್ತು. ಅಲ್ಲಿ ಕಡ್ಡಿಯಿಂದ ತೂತು ಮಾಡಿ ಇಪ್ಪತ್ತೆರಡು ಸಸಿ ನೆಟ್ಟೆ. ಹರಿದಲ್ಲಿ ತೇಪೆ ಹಾಕುವುದು ನಮ್ಮ ಧರ್ಮ. ನೆಟ್ಟು ಮುಗಿದಾಗ ಮಡಿ ತುಂಬಿ ಚೆಂದ ಕಂಡಿತು.

ಡಿಸೆಂಬರ್ 11

ಇಪ್ಪತ್ತೆರಡೂ ಸತ್ತವು. ಸಸಿಯವಳು ನನ್ನನ್ನು ನಡುರಸ್ತೆಯಲ್ಲಿ ಬೈದಳು. "ಇದಕ್ಕೆ ಇರೋದೇ ಒಂದು ಬೇರು, ಉದ್ದಕ್ಕೆ ಕೆಳಗಿಳಿಯುತ್ತೆ. ಕಿತ್ತು ಇನ್ನೊಂದು ಕಡೆ ಇಟ್ರೆ ಬದುಕಲ್ಲ ಅಣ್ಣಾ. ಯಾರಾದ್ರೂ ಗಸಗಸೆಗೆ ತೇಪೆ ಹಾಕ್ತಾರಾ!" ಟೈಲರ್ ಹಾಕುತ್ತಾನೆ ಎಂದು ಹೇಳಲಿಲ್ಲ.

ಡಿಸೆಂಬರ್ 20

ಇವತ್ತು ಮನಸ್ಸು ಕೆಟ್ಟಿದೆ. ಕೋಟಿನ ಮೇಲೆ ಗುರುತು ಹಾಕೋಣವೆಂದು ಗೊಂಬೆಯ ಮುಂದೆ ನಿಂತೆ. ಭುಜದಿಂದ ಸೊಂಟದವರೆಗೆ ಒಂದೇ ಗೆರೆ ಎಳೆಯಬೇಕು. ಎಳೆದೆ. ಅದು ಗೆರೆಯಲ್ಲ, ಹಾವು. ಒರೆಸಿದೆ. ಮತ್ತೆ ಎಳೆದೆ. "ಈ ಸೀಮೆಸುಣ್ಣ ಸರಿಯಿಲ್ಲ, ಬೆಳಕೂ ಇಲ್ಲ ಇಲ್ಲಿ" ಎಂದು ಗೊಣಗಿದ್ದು ಪರದೆಯ ಹಿಂದೆ ಕೇಳಿಸಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಶುರು ಮಾಡಿದವಳು, ಹೊರಗೆ ಬಂದು ನನ್ನ ಮುಖ ನೋಡಿ ದನಿ ಇಳಿಸಿದಳು. "ಕೊಡು ಅಣ್ಣ. ಇದೊಂದು ನಾನು ಕತ್ತರಿಸ್ತೀನಿ."

ನಾನು ಅನ್ನಬಾರದ್ದನ್ನು ಅಂದೆ. "ಹೊಲಿಯೋದು ಬೇರೆ, ಕತ್ತರಿಸೋದು ಬೇರೆ. ಹೊಲಿಗೆ ತಪ್ಪಿದ್ರೆ ಬಿಚ್ಬಹುದು. ಪರದೆ ಹಿಂದೆ ಕೂತು ಹೊಲಿಗೆ ಹಾಕಿದ ಮಾತ್ರಕ್ಕೆ ಮಾಸ್ಟರ್ ಆಗ್ಬಿಡ್ತಾರಾ? ಮುಟ್ಟಬೇಡ ಅದನ್ನ" ಎಂದೆ.

ಯಾವ ಮಾತಿಗೂ ತಿರುಗಿ ಒಂದು ಚುಚ್ಚುವವಳು ಇವತ್ತು ಒಳಗೆ ಹೋದಳು. ಟೀ ತಂದಿಟ್ಟಳು. ತಣ್ಣಗಾಗುವವರೆಗೂ ನಾನು ಕುಡಿಯಲಿಲ್ಲ.

ಜನವರಿ 7

ಗಿಡ ಮೊಣಕಾಲಿಗೆ ಬರುತ್ತಿವೆ, ಮೂಲೆಯವು ಬಿಟ್ಟು. ಅಲ್ಲಿನವು ನಾಲ್ಕು ಬೆರಳಿಗೇ ನಿಂತು ಹಳದಿಯಾಗಿವೆ. ಗೊಬ್ಬರ ಹಾಕಿದೆ, ನೀರು ಕಡಿಮೆ ಮಾಡಿದೆ. ಊಹೂಂ. ಸಸಿಯವಳು ಬಂದು ಮಣ್ಣು ಮುಟ್ಟಿ ನೋಡಿ, "ಕೆಳಗೆ ಏನೋ ಅಡ್ಡ ಇದೆ. ಬೇರು ಇಳೀತಿಲ್ಲ, ನೀರೂ ಇಂಗ್ತಿಲ್ಲ" ಎಂದಳು. ಕಲ್ಲಿರಬೇಕು. ಸೂಜಿ ಹೇಳಿದ್ದಳಲ್ಲ.

ಜನವರಿ 16

ಮೊಗ್ಗು ಬಂದಿವೆ, ಆದರೆ ಎಲ್ಲವೂ ಕುತ್ತಿಗೆ ಬಗ್ಗಿಸಿ ನೆಲ ನೋಡುತ್ತಿವೆ. ಬಾಡಿದವೆಂದು ಗಾಬರಿಯಾಗಿ ರಸ್ತೆಯ ಕೊನೆಗೆ ಎದ್ದುಬಿದ್ದು ಓಡಿದೆ. "ಅದರ ರೀತಿನೇ ಹಾಗೆ. ಅರಳೋ ಮುಂಚೆ ತಾನೇ ತಲೆ ಎತ್ತುತ್ತೆ. ನೀವು ಮನೆಗೆ ಹೋಗಿ ಮಲಗಿ" ಎಂದಳು ಸಸಿಯವಳು.

ಗಡಿಯಾರದಮ್ಮ ದಾರಿಯಲ್ಲಿ ಸಿಕ್ಕಿ ಕೋಟಿನ ವಿಷಯ ಕೇಳಿದರು. ಆಗುತ್ತಿದೆ ಎಂದೆ. ಕೋಟು ಇನ್ನೂ ಗೊಂಬೆಯ ಮೇಲೆ ಹಾಗೆಯೇ ಇದೆ. ಈ ಪುಟದ ಅಕ್ಷರ ಮೊದಲ ಪುಟದ್ದಕ್ಕಿಂತ ಸಣ್ಣದಾಗಿದೆ. ಪೆನ್ನು ಬದಲಾಯಿಸಬೇಕು.

ಜನವರಿ 23

ಸೂಜಿ ಅಸ್ತರಿನ ಬಟ್ಟೆ, ಗುಂಡಿ ತರಲು ಹೋಗಿದ್ದಳು. ಆ ಕಲ್ಲನ್ನು ತೆಗೆದೇಬಿಡೋಣವೆಂದು ಮೂಲೆಯನ್ನು ಅಗೆದೆ. ಒಂದು ಮೊಳ ಇಳಿಯುವಷ್ಟರಲ್ಲಿ ಗುದ್ದಲಿ ಮೆತ್ತಗಿನದಕ್ಕೆ ತಗುಲಿತು. ಕಲ್ಲಲ್ಲ. ಪ್ಲಾಸ್ಟಿಕ್ ಚೀಲ. ಒಂದಲ್ಲ, ಒಂದರ ಮೇಲೊಂದು ನಾಲ್ಕು. ಬಾಯಿ ಕಟ್ಟಿದ ಗಂಟು ನೋಡಿದೊಡನೆ ಗುರುತು ಸಿಕ್ಕಿತು. ಗುಂಡಿಯ ದಾರ ಮುಗಿಸುವಾಗ ನನ್ನ ತಂಗಿ ಹಾಕುವ ಗಂಟು ಅದು.

ಒಳಗೆ ಬಟ್ಟೆ. ಅಂಗಿಯ ಮುಂಭಾಗ, ತೋಳು, ಕಾಲರ್, ಒಂದು ಪ್ಯಾಂಟಿನ ಕಾಲು. ಎಲ್ಲದರ ಅಂಚೂ ಅಲೆ ಅಲೆ. ಕತ್ತರಿಸಿದ ಪ್ರತಿ ತುಂಡಿನ ಒಳಮೂಲೆಯಲ್ಲಿ ಪೆನ್ಸಿಲಿನಿಂದ ಆರ್ಡರ್ ನಂಬರ್ ಬರೆಯುವುದು ಅಪ್ಪ ಕಲಿಸಿದ ಪದ್ಧತಿ. ಎಲ್ಲ ತುಂಡಿನ ಮೇಲೂ ನನ್ನ ಅಕ್ಷರ. ನವೆಂಬರ್ ಹದಿನಾಲ್ಕರ ಆ ಕಾಲರ್ ಇರಲಿಲ್ಲ; ಗಿಡ ಹಾಕಿದ ಮೇಲೆ ಬೇರೆ ಜಾಗ ಹುಡುಕಿಕೊಂಡಿರಬೇಕು.

ತಳದ ಚೀಲದಲ್ಲಿ ಬೂದು ಉಣ್ಣೆ ಬಟ್ಟೆಯ ಬೆನ್ನು ತುಂಡು. ನೀಲಿ ಗೆರೆ. ಸೊಂಟದ ಹತ್ತಿರ ಕತ್ತರಿ ನಾಲ್ಕು ಬೆರಳು ಒಳಗೆ ನುಗ್ಗಿದೆ. ಗಡಿಯಾರದವರ ಕೋಟು ಕತ್ತರಿಸಿದ ದಿನ ನೆನಪಾಯಿತು. ಕತ್ತರಿ ಜಾರಿತ್ತು. ಚೂರೇ ಚೂರು ಎಂದುಕೊಂಡಿದ್ದೆ. "ಹೊಲಿಗೆ ಒಳಗೆ ಹೋಗುತ್ತೆ ಬಿಡು ಅಣ್ಣ" ಎಂದು ಸೂಜಿ ತೆಗೆದುಕೊಂಡು ಹೋಗಿದ್ದಳು. ಹೊಲಿಗೆಯ ಒಳಗೆ ಹೋಗುವಂಥದ್ದಲ್ಲ ಇದು.

ಎಲ್ಲವನ್ನೂ ವಾಪಸು ಚೀಲಕ್ಕೆ ತುಂಬಿ, ಕಟ್ಟಲು ಬಾರದೆ ಹಾಗೆಯೇ ಹಾಕಿ ಮಣ್ಣು ಮುಚ್ಚಿದೆ. ಮೂಲೆಯ ಗಿಡ ಒಂದೂ ಉಳಿಯಲಿಲ್ಲ. ಸೂಜಿ ಬಂದಳು, ನನ್ನ ಉಗುರಿನ ಮಣ್ಣು ನೋಡಿದಳು.

ಜನವರಿ 24

ಕೋಟಿನ ಅಸ್ತರನ್ನು ಕೆಳಗಡೆ ಎರಡು ಬೆರಳಷ್ಟು ಬಿಚ್ಚಿ ಒಳಗೆ ನೋಡಿದೆ. ನಂಬರ್ ಇದೆ. ಅಕ್ಷರ ನನ್ನದಲ್ಲ, ಸೂಜಿಯದು.

ಜನವರಿ 27

ಇವತ್ತು ಪರದೆಯ ಹತ್ತಿರ ನಿಂತು ಕೇಳಿದೆ.

"ಎಷ್ಟು ದಿನದಿಂದ?"

ಮಷೀನು ನಿಲ್ಲಿಸದೆಯೇ, "ಏನು ಎಷ್ಟು ದಿನದಿಂದ?" ಎಂದಳು.

"ಮೂಲೆ ಅಗೆದೆ."

ಮಷೀನು ನಿಂತಿತು. "ಮೂರು ವರ್ಷ ಆಗ್ತಾ ಬಂತು. ಮೊದ್ಲು ತಿಂಗಳಿಗೆ ಒಂದೋ ಎರಡೋ."

"ಈಗ?"

"ಈಗ ಎಲ್ಲಾನೂ ನೋಡ್ತೀನಿ. ನೀನು ವಾಕಿಂಗ್ ಹೋದಾಗ. ಸರಿ ಮಾಡೋಕಾದ್ರೆ ಮಾಡ್ತೀನಿ, ಇಲ್ಲಾಂದ್ರೆ ಅದೇ ಬಟ್ಟೆ ಹುಡುಕ್ಕೊಂಡು ಹೋಗ್ತೀನಿ."

"ಚಿಂದಿಯವನಿಗೆ ಹಾಕಬಹುದಿತ್ತಲ್ಲ, ಹೂತಿಟ್ಟಿದ್ದು ಯಾಕೆ?"

"ಚಿಂದಿ ಚೀಲ ಕಟ್ಟೋನು ನೀನು. ತುಂಡು ಕಂಡ ತಕ್ಷಣ ನಿಂಗೆ ಗೊತ್ತಾಗ್ತಿತ್ತು. ಸಾಲದ್ದಕ್ಕೆ ಆ ಚಿಂದಿಯವನ ಬಾಯಿ ಊರಗಲ."

"ಮಾತ್ರೆ ಗ್ಯಾಸಿಂದಲ್ಲ ಅಂತಾನೂ ಗೊತ್ತು ಹಾಗಾದ್ರೆ."

"ಚೀಟಿ ಓದೋಕೆ ಬರುತ್ತೆ ನಂಗೆ."

"ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ಅವತ್ತೇ ಕತ್ತರಿ ಕೆಳಗಿಡ್ತಿದ್ದೆ. ಆಮೇಲೆ? ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ನಿನ್ನ ಹಾಗೆ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ಅಣ್ಣ."

ನನಗೆ ಕಣ್ಣೀರು ಬರಬೇಕಿತ್ತು. ಬಂದದ್ದು ಸಿಟ್ಟು. ಮೂರು ವರ್ಷ ನನ್ನನ್ನು ಅಂಗಡಿಯ ಮುಂದೆ ಗೊಂಬೆ ಮಾಡಿ ನಿಲ್ಲಿಸಿದ್ದೀಯ, ಊರೆಲ್ಲ ನಗುವ ಹಾಗೆ ಮಾಡಿದ್ದೀಯ ಎಂದು ಕೂಗಾಡಿದೆ. ಯಾರೂ ನಕ್ಕಿಲ್ಲ ಎಂಬುದು ನನಗೂ ಗೊತ್ತು. ಯಾರಿಗೂ ತಿಳಿಯದಂತೆ ನೋಡಿಕೊಂಡವಳು ಅವಳೇ.

ಫೆಬ್ರವರಿ 3

ಮಾತಿಲ್ಲ. ಕತ್ತರಿ ಮುಟ್ಟಿಲ್ಲ. ಬಂದ ಗಿರಾಕಿಗಳಿಗೆ ಮುಂದಿನ ವಾರ ಎಂದು ಹೇಳಿ ಕಳಿಸುತ್ತಿದ್ದೇನೆ. ಗಿಡಕ್ಕೆ ನೀರು ಹಾಕಿದೆ.

ಫೆಬ್ರವರಿ 8

ಬೆಳಿಗ್ಗೆ ಏಳಕ್ಕೆ ಹಿತ್ತಲಿಗೆ ಹೋದೆ. ಒಂದು ಮೊಗ್ಗು ನೆಟ್ಟಗೆ ನಿಂತಿತ್ತು. ಅದರ ಹಸಿರು ಟೊಪ್ಪಿ ಎರಡಾಗಿ ಸೀಳಿ, ನಾನು ನೋಡುತ್ತಿರುವಂತೆಯೇ ಕೆಳಗೆ ಬಿತ್ತು. ಒಳಗೆ ಕೆಂಪು ಎಸಳು, ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಮುದುರಿ ಸುಕ್ಕುಸುಕ್ಕು. ಕೆಟ್ಟುಹೋಗಿದೆ ಅಂದುಕೊಂಡೆ. ಬಿಸಿಲು ಏರುತ್ತಿದ್ದಂತೆ ಸುಕ್ಕೆಲ್ಲ ತಾನೇ ಬಿಡಿಸಿಕೊಂಡಿತು. ಎಂಥ ಕೆಂಪು! ಗಡಿಯಾರದವರು ಇದನ್ನು ವರ್ಷ ವರ್ಷ ನೋಡುತ್ತಿದ್ದರಲ್ಲ, ಈ ವರ್ಷ ಅವರಿಲ್ಲ ಎನ್ನಿಸಿತು.

ಸೂಜಿಯನ್ನು ಕರೆದೆ. ಹನ್ನೆರಡು ದಿನದ ಮೇಲೆ ಮೊದಲ ಮಾತು. ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಕೋಟು ನೀನೇ ಕತ್ತರಿಸು" ಎಂದೆ.

"ಆಯಮ್ಮ ನಿನ್ನ ಕೈಯಿಂದ್ಲೇ ಆಗ್ಬೇಕು ಅಂದಿದ್ದಾರಲ್ಲ."

"ಅವರಿಗೇನು ಗೊತ್ತಾಗುತ್ತೆ? ಇಷ್ಟು ದಿನ ಯಾರಿಗಾದ್ರೂ ಗೊತ್ತಾಗಿದ್ಯಾ?"

ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. "ಸರಿ" ಎಂದಳು.

ಬೋರ್ಡಿನ ಮೇಲಿರುವುದು ನನ್ನ ಹೆಸರು. ಅಂಗಡಿಯ ಮರ್ಯಾದೆ ಉಳಿಯಬೇಕಲ್ಲ, ಅದಕ್ಕೆ ಹಾಗಂದೆ. ಇದರಲ್ಲಿ ತಪ್ಪೇನಿದೆ? ಆದರೂ ಇವತ್ತು ಊಟ ಸೇರಲಿಲ್ಲ.

ಫೆಬ್ರವರಿ 10

ಅಂಗಡಿಯ ಬಾಗಿಲು ಮುಚ್ಚಿ ಕೋಟು ಬಿಚ್ಚಿದೆವು. ಹೊಲಿಗೆ ಬಿಚ್ಚುವುದು ಅವಳು, ತುಂಡು ಮಡಿಸಿಡುವುದು ನಾನು. ನನ್ನ ಕತ್ತರಿ ಕೊಡಹೋದೆ. ಬೇಡವೆಂದು ತನ್ನ ಡ್ರಾಯರಿನಿಂದ ಒಂದು ಹಳೆಯ ಕತ್ತರಿ ತೆಗೆದಳು. ಹಿಡಿಯ ಬಣ್ಣ ಸವೆದಿದೆ, ಅಲಗು ಥಳಥಳ. ಮೂರು ವರ್ಷದಿಂದ ಗುಟ್ಟಾಗಿ ಸಾಣೆ ಹಿಡಿಸುತ್ತಿದ್ದಾಳೆ.

"ಬಟ್ಟೆ ಜಾರುತ್ತೆ. ಒತ್ತಿ ಹಿಡ್ಕೋ" ಎಂದಳು. ಎರಡೂ ಅಂಗೈಯನ್ನು ಬಟ್ಟೆಯ ಮೇಲೆ ಬಲವಾಗಿ ಊರಿದೆ. ಹಾಗೆ ಊರಿದಾಗ ನಡುಕ ಅಷ್ಟಾಗಿ ಕಾಣುವುದಿಲ್ಲ. ಐವತ್ತೆರಡು ವರ್ಷದ ನನ್ನ ತಂಗಿ ಕತ್ತರಿಸುವುದನ್ನು ಇವತ್ತೇ ಮೊದಲು ನೋಡಿದ್ದು. ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಗೆರೆಯ ತುದಿ ಮುಟ್ಟುತ್ತಾಳೆ, ಆಮೇಲೆ ಉಸಿರು ಬಿಡುತ್ತಾಳೆ. ಅಪ್ಪ ಹಾಗೆ ಮಾಡುತ್ತಿದ್ದರು. ನಾನು ಎಂದೂ ಕಲಿಯಲಿಲ್ಲ. ಒಂದು ಕಡೆ ತೋಳಿನ ಸುತ್ತು ಕೊಂಚ ಬಿಗಿಯಾದೀತು ಎಂದು ಹೇಳಿದೆ. "ಹೌದಲ್ವಾ" ಎಂದು ಕಾಲು ಇಂಚು ಬಟ್ಟೆ ಹೆಚ್ಚಿಗೆ ಬಿಟ್ಟಳು. ಅದೊಂದು ನನ್ನ ಪಾಲು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಎಷ್ಟು ಸಲ ಆಡಿದ್ದೇನೆ, ಬೇರೆಯವರ ಮನೆಯ ವಿಷಯಕ್ಕೆ.

ಮಾರ್ಚ್ 1

ಗಡಿಯಾರದಮ್ಮ ಬಂದರು. ಮೊದಲು ಹಿತ್ತಲಿಗೆ ಕರೆದುಕೊಂಡು ಹೋದೆ. ಅರಳಿದ್ದ ಹೂ ಮೂವತ್ತಕ್ಕೂ ಹೆಚ್ಚು, ನೆಲದ ಮೇಲೆ ನಿನ್ನೆಯ ಎಸಳು. ಅವರು ಮಡಿಯ ಪಕ್ಕದ ಕಲ್ಲಿನ ಮೇಲೆ ಕೂತರು. ಎರಡು ಕೊಯ್ದು ಕೊಡಲೇ ಎಂದರೆ ಬೇಡವೆಂದರು. "ಕೊಯ್ದ್ರೆ ಮನೆ ಸೇರೋದ್ರೊಳಗೆ ಉದುರಿಹೋಗುತ್ತೆ. ಅವರೂ ಕೊಯ್ಯೋಕೆ ಬಿಡ್ತಿರ್ಲಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಒಳಗೆ ಬಂದು ಕೋಟನ್ನು ಇನ್ನೊಂದು ಸಲ ಬ್ರಷ್ ಮಾಡಿದೆ.

ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತರು. ಭುಜ ಅವರಿಗಾಗಿಯೇ ಹುಟ್ಟಿದಂತೆ ಕೂತಿತ್ತು. ತೋಳು ಮುಟ್ಟಿಕೊಂಡರು, ಜೇಬಿನಲ್ಲಿ ಕೈಯಿಟ್ಟರು.

"ಮಾಸ್ಟ್ರೇ, ನಿಮ್ಮ ಕೈ ಅಂದ್ರೆ ನಿಮ್ಮ ಕೈ. ಅವರೂ ಹೀಗೇ ಹೇಳ್ತಿದ್ರು. ಆಸ್ಪತ್ರೆಗೆ ಹೋಗೋ ದಿನವೂ ಇದನ್ನೇ ಕೇಳಿ ಹಾಕ್ಕೊಂಡ್ರು. ಆ ಮಾಸ್ಟ್ರು ಹೊಲಿದಿದ್ದು ಮೈಮೇಲಿದ್ರೆ ಬೆನ್ನು ನೆಟ್ಟಗಾಗುತ್ತೆ ಕಣೇ ಅಂದ್ರು. ನಿಮಗೆ ಇದನ್ನ ಹೇಳ್ಬೇಕು ಅಂತ ಎಷ್ಟು ದಿನದಿಂದ ಇತ್ತು."

ನಗಬೇಕು, ಕೈ ಮುಗಿಯಬೇಕು, ಅಷ್ಟೇ ಇದ್ದದ್ದು ಕೆಲಸ. ನಲವತ್ತಮೂರು ವರ್ಷದಿಂದ ಮಾಡಿಕೊಂಡು ಬಂದದ್ದೇ. ಪರದೆಯ ಹಿಂದೆ ಸೂಜಿ ಇದ್ದಳು, ಮಷೀನಿನ ಸದ್ದಿರಲಿಲ್ಲ.

"ಇದು ನನ್ನ ಕೈಯಲ್ಲ ಅಮ್ಮಾ" ಎಂದೆ.

ಅವರು ನಕ್ಕರು. "ದೊಡ್ಡವರು ಹೀಗೇ ಹೇಳೋದು."

"ಅಲ್ಲ ಅಮ್ಮಾ, ನಿಜ." ಬಲಗೈಯನ್ನು ಅವರ ಮುಂದೆ ಚಾಚಿದೆ. ಹೊರಗಿನವರ ಮುಂದೆ ಅದನ್ನು ಹಾಗೆ ಚಾಚಿದ್ದು ಇದೇ ಮೊದಲು. ಅದು ತನ್ನ ಪಾಡಿಗೆ ನಡುಗಿತು. "ಈ ಕೈಲಿ ಗೆರೆ ಎಳೆಯೋಕೂ ಆಗಲ್ಲ. ನನ್ನ ತಂಗಿ ಕತ್ತರಿಸಿದ್ದು ಇದು. ಎರಡು ವರ್ಷದ ಹಿಂದೆ ನಿಮ್ಮ ಯಜಮಾನರಿಗೆ ಅಂತ ಕತ್ತರಿಸಿದ್ದನ್ನ ನಾನು ಕೆಡಿಸಿಬಿಟ್ಟಿದ್ದೆ. ಇವಳು ಬೇರೆ ಬಟ್ಟೆ ಹುಡುಕಿ ತಂದು ಮತ್ತೆ ಕತ್ತರಿಸಿದ್ಲು, ನಂಗೂ ಹೇಳದೆ. ಅವರು ಆಸ್ಪತ್ರೆಗೆ ಹೋಗೋ ದಿನ ಹಾಕ್ಕೊಂಡಿದ್ದು ಇವಳ ಕೋಟು. ನಿಮಗೆ ಮೊದ್ಲೇ ಹೇಳ್ಬೇಕಿತ್ತು. ಹೇಳ್ದೆ ಕತ್ತರಿ ಹಾಕಿಸ್ದೆ. ತಪ್ಪಾಯ್ತು."

ಗಡಿಯಾರದಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. ನನಗೆ ಬೈಯುತ್ತಾರೆ, ಕೋಟು ತೆಗೆದಿಟ್ಟು ಹೋಗುತ್ತಾರೆ ಅಂದುಕೊಂಡೆ. ಅವರು ಪರದೆ ಸರಿಸಿಕೊಂಡು ಒಳಗೆ ಹೋದರು. ಸೂಜಿ ಸ್ಟೂಲಿನಿಂದ ಎದ್ದು ನಿಂತಿದ್ದಳು, ಕೈಯಲ್ಲಿ ಯಾರದೋ ಅಂಗಿ. ಅವರು ಆ ಅಂಗಿಯನ್ನು ತೆಗೆದು ಪಕ್ಕಕ್ಕಿಟ್ಟು ಅವಳ ಎರಡೂ ಕೈ ಹಿಡಿದುಕೊಂಡರು.

"ಹಾಗಾದ್ರೆ ಅವರು ಹೇಳಿದ್ದು ನಿಂಗೆ ಸೇರ್ಬೇಕಮ್ಮಾ" ಎಂದರು. ಆ ಮಾತನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದರು, ಆಸ್ಪತ್ರೆಯದು, ಬೆನ್ನು ನೆಟ್ಟಗಾಗುವುದು, ಎಲ್ಲ.

ಸೂಜಿ ಅತ್ತಳು. ಅಪ್ಪ ಹೋದಾಗಲೂ ನನ್ನೆದುರು ಅತ್ತವಳಲ್ಲ.

ಅವರು ಕೋಟು ತೊಟ್ಟುಕೊಂಡೇ ಹೋದರು. ಸಂಜೆ ಟೀ ಕುಡಿಯುವಾಗ ಸೂಜಿ ಕೇಳಿದಳು: "ಯಾಕೆ ಹೇಳ್ದೆ ಅಣ್ಣ? ಸುಮ್ನಿದ್ದಿದ್ರೆ ಆಗ್ತಿತ್ತಲ್ಲ."

"ಬಾಯಿಗೆ ಬಂತು, ಹೇಳ್ದೆ" ಎಂದೆ. ಬೇರೆ ಕಾರಣ ನನಗೂ ತಿಳಿಯದು.

ಮಾರ್ಚ್ 4

ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಂಡೆ. ಹೂ ಕಡಿಮೆಯಾಗುತ್ತಿವೆ, ಕಾಯಿ ಕಟ್ಟಿವೆ. ಒಣಗುವವರೆಗೂ ಮುಟ್ಟಬೇಡಿ ಎಂದು ಸಸಿಯವಳು ಹೇಳಿ ಹೋದಳು. ಮೂರು ಅಂಗಿಗೆ ಗುಂಡಿಯ ಲೆಕ್ಕ ಬರೆದಿಟ್ಟೆ, ಎರಡು ಪ್ಯಾಂಟಿಗೆ ಬಟ್ಟೆ ಹಿಡಿದುಕೊಟ್ಟೆ.

ಬೇರೆ ವಿಶೇಷವಿಲ್ಲ. ಹನ್ನೊಂದು ಗಂಟೆಗೆ ಹೊಸ ಗಿರಾಕಿಯೊಬ್ಬರು ಬಂದರು. ನಮ್ಮ ಬೀದಿಯವರಲ್ಲ, ಬೋರ್ಡು ನೋಡಿಕೊಂಡು ಬಂದವರು. ಕೈಯಲ್ಲಿ ಒಳ್ಳೆಯ ಬಟ್ಟೆಯಿತ್ತು. "ಮಾಸ್ಟ್ರು ಇದ್ದಾರಾ?" ಎಂದು ನನ್ನನ್ನು ಕೇಳಿದರು.

"ಇದ್ದಾರೆ, ಕೂತ್ಕೊಳ್ಳಿ" ಎಂದು ಹೇಳಿ ಒಳಗೆ ಹೋಗಿ ತಂಗಿಯನ್ನು ಕರೆದೆ.